ವರದಿಯಲ್ಲಿ ಮಳೆಗಾಲ ಇಲ್ಲ

ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ಬಾಡಿಗೆಗೆ ಇರುವ ಹುಡುಗಿ ಉತ್ತರ ಕನ್ನಡದ ಒಂದು ಕಡಲೂರಿನವಳು. ಮಾನಸಗಂಗೋತ್ರಿಯಲ್ಲಿ ಗಣಿತದ ಎಂ.ಎಸ್ಸಿ. ಓದುತ್ತಿದ್ದಾಳೆ. ಗಣೇಶನ ಹಬ್ಬಕ್ಕೆ ಊರಿಗೆ ಹೋಗಿ ಬಂದವಳು ಒಂದು ಸಂಜೆ ಕೆಳಗಿಳಿದು ಬಂದು, ಮಡಚಿ ಮಡಚಿ ಅಂಚು ಸವೆದ ಕಾಗದಗಳ ಕಟ್ಟೊಂದನ್ನು ಊಟದ ಮೇಜಿನ ಮೇಲಿಟ್ಟಳು. "ಮೇಡಂ, ನೀವು ಹಿಂದೆ ಇಂಥದ್ದೇ ಕೆಲಸ ಮಾಡುತ್ತಿದ್ದಿರಂತೆ. ಇದನ್ನು ಓದಿ ಹೇಳುತ್ತೀರಾ? ನಮ್ಮ ಚಿಕ್ಕಪ್ಪನಿಗೆ ಅರ್ಥವಾಗಲಿಲ್ಲ, ನನಗೂ ಆಗಲಿಲ್ಲ" ಎಂದಳು.

ಅದು ಅವರ ಊರಿನ ಹತ್ತಿರ ಕಟ್ಟಬೇಕೆಂದಿರುವ ಬಂದರಿನ ಪರಿಸರ ಪರಿಣಾಮ ವರದಿಯ ಕನ್ನಡ ಸಾರಾಂಶ. ಯಾವ ಬಂದರು, ಯಾರ ಯೋಜನೆ ಎಂದು ನಾನು ಇಲ್ಲಿ ಬರೆಯುವುದಿಲ್ಲ. ಆ ಊರಿನವರು ತಮ್ಮ ಮಾತನ್ನು ಸಾರ್ವಜನಿಕ ಅಹವಾಲು ಸಭೆಯಲ್ಲಿ ತಾವೇ ಹೇಳಲಿದ್ದಾರೆ. ಅವರಿಗಿಂತ ಮೊದಲು ಮೈಸೂರಿನಲ್ಲಿ ಕುಳಿತವಳು ಹೇಳುವುದು ಸರಿಯಲ್ಲ. ನನಗೆ ಹೇಳಬೇಕಾಗಿರುವುದು ಒಂದೇ ಒಂದು ವಿಷಯ. ಅದು ನಮ್ಮ ಕರಾವಳಿಯ ಯಾವ ಬಂದರಿಗೂ ಸಲ್ಲುವ ಮಾತು.

ಇಂಥ ವರದಿ ಕೈಗೆ ಬಂದರೆ ನಾನು ಮೊದಲು ಹುಡುಕುವುದು ತಿಂಗಳನ್ನು. ಎಷ್ಟು ಹಡಗು, ಎಷ್ಟು ಟನ್, ಎಷ್ಟು ಉದ್ಯೋಗ ಎಂಬುದೆಲ್ಲ ಆಮೇಲೆ. ಸಮುದ್ರದ ನೀರನ್ನು, ತಳದ ಕೆಸರನ್ನು, ಅದರೊಳಗಿನ ಜೀವಿಗಳನ್ನು ಯಾವ ತಿಂಗಳಲ್ಲಿ ತೆಗೆದು ನೋಡಿದರು? ಒಂದು ಕೋಷ್ಟಕದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಸಿಕ್ಕಿತು: ಫೆಬ್ರವರಿ. ಅದರಲ್ಲೂ ಕೆಲವೇ ದಿನ. ಜೂನ್ ಇರಲಿಲ್ಲ, ಆಗಸ್ಟ್ ಇರಲಿಲ್ಲ, ಅಕ್ಟೋಬರ್ ಇರಲಿಲ್ಲ. ಪಶ್ಚಿಮ ಕರಾವಳಿಯ ಸಮುದ್ರದ ವರದಿಯಲ್ಲಿ ಮಳೆಗಾಲವೇ ಇರಲಿಲ್ಲ.

ನನಗೆ ಆ ಕ್ಷಣಕ್ಕೆ ನೆನಪಾದದ್ದು ಸಮುದ್ರವಲ್ಲ, ನಮ್ಮ ಗದ್ದೆ.

ನಾನು ಪಾಂಡವಪುರ ತಾಲ್ಲೂಕಿನವಳು. ನಮ್ಮದು ವಿಶ್ವೇಶ್ವರಯ್ಯ ನಾಲೆಯ ನೀರು ಕುಡಿದು ಬೆಳೆದ ಮನೆತನ. ನಾಲೆಯ ಬಯಲನ್ನು ಎರಡು ಸಲ ನೋಡದವರು ಅದನ್ನು ನೋಡಿದ ಹಾಗಲ್ಲ. ಆಗಸ್ಟ್ ಕೊನೆಯಲ್ಲಿ ಬನ್ನಿ, ನಾಟಿಯಾದ ಗದ್ದೆಗಳಲ್ಲಿ ಆಕಾಶ ಕಾಣುತ್ತದೆ. ಬದುವಿನ ಮೇಲೆ ಬೆಳ್ಳಕ್ಕಿ, ನೀರಿನಲ್ಲಿ ಏಡಿ, ಕಪ್ಪೆ, ಸಣ್ಣ ಮೀನು. ಮೇ ತಿಂಗಳಲ್ಲಿ ಬನ್ನಿ, ನಾಲೆ ನಿಂತಿರುತ್ತದೆ, ಕೂಳೆ ಒಣಗಿರುತ್ತದೆ, ನೆಲ ಬಿರಿದು ಕಾಲು ಸಿಕ್ಕಿಕೊಳ್ಳುವಷ್ಟು ಅಗಲವಾಗಿರುತ್ತದೆ. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಗದ್ದೆಯ ನಡುವೆ ಕೊಳವೆ ಮಾರ್ಗ ಹಾಯಿಸಲು ಒಂದು ಇಲಾಖೆಯವರು ಅಳತೆಗೆ ಬಂದರು. ಬಂದದ್ದು ಮೇ ತಿಂಗಳಲ್ಲಿ. ಮಹಜರಿನಲ್ಲಿ ಬರೆದುಕೊಂಡರು: ಸ್ಥಳದಲ್ಲಿ ಯಾವುದೇ ಬೆಳೆ ಇರುವುದಿಲ್ಲ.

ಅಪ್ಪ ಅದನ್ನು ಓದಿಸಿ ಕೇಳಿದರು. "ಸ್ವಾಮಿ, ಇದು ತರಿ ಜಮೀನು. ನೀವು ನೀರು ಬಿಟ್ಟ ಮೇಲೆ ಬನ್ನಿ" ಎಂದರು. "ಯಜಮಾನರೇ, ನಾವು ಕಣ್ಣಿಗೆ ಕಂಡದ್ದನ್ನು ಮಾತ್ರ ಬರೆಯುವುದು" ಎಂದರು ಬಂದವರು. ಅಪ್ಪ ಮಾತನಾಡಲಿಲ್ಲ. ಗುದ್ದಲಿ ತೆಗೆದುಕೊಂಡು ಬದುವಿನ ಪಕ್ಕ ಮೊಳದುದ್ದ ಅಗೆದರು. ಹೆಂಟೆಯೊಂದನ್ನು ಕೈಯಲ್ಲಿ ಒಡೆದಾಗ ಅದರೊಳಗಿಂದ ನಿಂಬೆಗಾತ್ರದ ಬಸವನಹುಳು ಬಿತ್ತು. ಚಿಪ್ಪಿನ ಬಾಯಿಗೆ ಮುಚ್ಚಳ ಎಷ್ಟು ಬಿಗಿಯಾಗಿ ಕೂತಿತ್ತೆಂದರೆ ಕಲ್ಲು ಎಂದೇ ಎಸೆಯಬಹುದಿತ್ತು. ಅದನ್ನು ಚೆಂಬಿನ ನೀರಿನಲ್ಲಿ ಹಾಕಿ ಹೊಂಗೆ ಮರದ ಬುಡದಲ್ಲಿಟ್ಟರು. ನಾನು ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕುಳಿತೆ. ಎಷ್ಟೋ ಹೊತ್ತು ಏನೂ ಆಗಲಿಲ್ಲ. ಆಮೇಲೆ ಒಂದು ಗುಳ್ಳೆ ಮೇಲೆ ಬಂತು. ಮುಚ್ಚಳದ ಒಂದು ಅಂಚು ಕೂದಲೆಳೆಯಷ್ಟು ಎದ್ದಿತು. ಆಮೇಲೆ ಬೂದು ಬಣ್ಣದ ಮಾಂಸ, ಆಮೇಲೆ ಎರಡು ಎಳೆ ಮೀಸೆ. ತಿಂಗಳುಗಟ್ಟಲೆ ಉಸಿರು ಹಿಡಿದು ಮಲಗಿದ್ದ ಜೀವ ಚೆಂಬಿನ ಗೋಡೆ ಹತ್ತತೊಡಗಿತು. ಅಷ್ಟು ಹೊತ್ತಿಗೆ ಜೀಪು ಹೊರಟುಹೋಗಿತ್ತು. ಆ ವರ್ಷ ಬೆಳೆ ಪರಿಹಾರ ಬರಲಿಲ್ಲ.

ಮುಂದೆ ಪ್ರಾಣಿಶಾಸ್ತ್ರ ಓದುವಾಗ ಅದೇ ಹುಳುವನ್ನು ಪೈಲಾ ಎಂಬ ಹೆಸರಿನಲ್ಲಿ ಮೇಣದ ತಟ್ಟೆಯಲ್ಲಿ ಕತ್ತರಿಸಿದೆ. ಅದಕ್ಕೆ ನೀರಿನಲ್ಲಿ ಉಸಿರಾಡಲು ಕಿವಿರು, ನೆಲದಲ್ಲಿ ಉಸಿರಾಡಲು ಶ್ವಾಸಚೀಲ, ಎರಡೂ ಇವೆ. ಬೇಸಿಗೆಯನ್ನು ಮಣ್ಣಿನೊಳಗೆ ನಿದ್ದೆಯಲ್ಲಿ ಕಳೆಯುತ್ತದೆ ಎಂದು ಪುಸ್ತಕದಲ್ಲಿ ಒಂದೇ ಸಾಲಿನಲ್ಲಿತ್ತು. ನನಗೆ ಆ ಸಾಲು ಚೆಂಬಿನ ಸಮೇತ ಅರ್ಥವಾಗಿತ್ತು.

ಓದು ಮುಗಿದ ಮೇಲೆ ಎರಡು ವರ್ಷ ಮೈಸೂರಿನ ಒಂದು ಖಾಸಗಿ ಪ್ರಯೋಗಾಲಯದಲ್ಲಿ ಕೆಲಸ ಮಾಡಿದೆ. ಕಡಲಿನಿಂದ ಇಷ್ಟು ದೂರದಲ್ಲಿದ್ದರೂ ನಮ್ಮ ಮೇಜಿಗೆ ಸಮುದ್ರ ಬರುತ್ತಿತ್ತು, ಬಾಟಲಿಗಳಲ್ಲಿ. ದೋಣಿಯಿಂದ ಹಗ್ಗಕ್ಕೆ ಕಟ್ಟಿ ಇಳಿಸುವ ಎರಡು ದವಡೆಯ ಕಬ್ಬಿಣದ ಬಾಯಿ ಒಂದಿದೆ, ವ್ಯಾನ್ ವೀನ್ ಗ್ರ್ಯಾಬ್ ಎನ್ನುತ್ತಾರೆ. ಅದು ತಳ ಮುಟ್ಟಿದ ಕೂಡಲೇ ದವಡೆ ಮುಚ್ಚಿ ಒಂದು ಬಾಯಿ ಕೆಸರನ್ನು ಕಚ್ಚಿಕೊಂಡು ಬರುತ್ತದೆ. ಆ ಕೆಸರನ್ನು ಅರ್ಧ ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ಸೋಸಿ, ಉಳಿದದ್ದನ್ನು ಫಾರ್ಮಲಿನ್‌ನಲ್ಲಿ ಹಾಕಿ, ರೋಸ್ ಬೆಂಗಾಲ್ ಎಂಬ ಬಣ್ಣ ಬೆರೆಸಿ ಕಳುಹಿಸುತ್ತಿದ್ದರು. ಬಣ್ಣ ಜೀವಿಗಳಿಗೆ ಹತ್ತುತ್ತದೆ, ಮರಳಿಗೆ ಹತ್ತುವುದಿಲ್ಲ. ಬಿಳಿಯ ತಟ್ಟೆಯಲ್ಲಿ ಸುರಿದರೆ ಬೂದು ಮರಳಿನ ನಡುವೆ ಗುಲಾಬಿ ಎಳೆಗಳು ಕಾಣುತ್ತವೆ. ಅವನ್ನು ಚಿಮಟದಿಂದ ಒಂದೊಂದಾಗಿ ಎತ್ತಿ, ಎಣಿಸಿ, ಗುರುತಿಸುವುದು ನನ್ನ ಕೆಲಸ.

ಹೆಚ್ಚಿನವು ಪಾಲಿಕೀಟ್ ಹುಳುಗಳು, ನಮ್ಮ ಎರೆಹುಳುವಿನ ಕಡಲ ಬಳಗ, ಮೈಯ ಎರಡೂ ಬದಿ ಬಿರುಗೂದಲು. ಅವುಗಳಲ್ಲಿ ಡಯೋಪಾಟ್ರಾ ಎಂಬ ಒಂದು ಹುಳುವನ್ನು ನಾನು ಮರೆಯಲಾರೆ. ಅದು ತನ್ನ ಸುತ್ತ ಕೊಳವೆಯ ಮನೆ ಕಟ್ಟಿಕೊಂಡು, ಆ ಕೊಳವೆಯ ಹೊರಗೋಡೆಗೆ ಚಿಪ್ಪಿನ ಚೂರು, ಹುಲ್ಲಿನ ತುಂಡು ಎಲ್ಲ ಹೆಂಚಿನ ಹಾಗೆ ಜೋಡಿಸಿ ಅಂಟಿಸಿಕೊಳ್ಳುತ್ತದೆ. ಬೆರಳಿನುದ್ದದ ಅಂಥ ಒಂದು ಕೊಳವೆಯನ್ನು ಭೂತಗನ್ನಡಿಯ ಕೆಳಗಿಟ್ಟು ನೋಡಿದೆ. ಒಂದೊಂದು ಚಿಪ್ಪಿನ ಚೂರೂ ಓರೆಯಾಗಿ, ಒಂದರ ಮೇಲೊಂದು ಕೂತಿತ್ತು. ಕೆಲಸ ಮಾಡುವ ಕೈಯನ್ನು ಕಂಡ ಹಾಗಾಯಿತು. ಇಂಥ ಹುಳುಗಳು ಕೆಸರನ್ನು ತಿರುವಿ ಹಾಕಿ ತಳಕ್ಕೆ ಉಸಿರು ಕೊಡುತ್ತವೆ. ತಳದಲ್ಲಿ ಮೇಯುವ ಮೀನು, ಸೀಗಡಿ, ಏಡಿಗಳು ಬದುಕುವುದು ಅವುಗಳಿಂದ. ಬಂದರಿಗೆಂದು ಹೂಳೆತ್ತುವ ಹಡಗು ಮೊದಲು ತೆಗೆಯುವುದೂ ಅವುಗಳನ್ನೇ.

ಹೂಳು ಎಂಬ ಮಾತು ನಮ್ಮ ಕಡೆ ಕೆಟ್ಟದ್ದಲ್ಲ. ಕೆರೆಯ ಗೋಡನ್ನು ಗಾಡಿಯಲ್ಲಿ ತುಂಬಿ ತಂದು ಹೊಲಕ್ಕೆ ಹರಡಿದವರು ನಾವು. ಹಾಗಾಗಿ ಸಾರಾಂಶದಲ್ಲಿ "ಹೂಳೆತ್ತಲಾಗುವುದು" ಎಂದು ಓದಿದಾಗ ಮಂಡ್ಯದವರಿಗೆ ಅದು ಒಳ್ಳೆಯ ಕೆಲಸದಂತೆಯೇ ಕೇಳಿಸುತ್ತದೆ. ಕಡಲಿನಲ್ಲಿ ಹಾಗಲ್ಲ. ದೊಡ್ಡ ಹಡಗು ಬರಬೇಕಾದರೆ ಅದರ ಹಾದಿಯನ್ನು ಆಳ ಮಾಡಬೇಕು. ಅಗೆದಾಗ ಎದ್ದ ಕೆಸರಿನ ಮೋಡ ಪ್ರವಾಹ ಹೋದ ಕಡೆ ಹೋಗುತ್ತದೆ. ಬೆಳಕನ್ನು ತಡೆಯುತ್ತದೆ, ಮೀನಿನ ಮೊಟ್ಟೆಯ ಮೇಲೆ, ಚಿಪ್ಪಿಕಲ್ಲುಗಳ ಮೇಲೆ ಕೂರುತ್ತದೆ. ಎತ್ತಿದ ಕೆಸರನ್ನು ಇನ್ನಷ್ಟು ಆಳದ ಕಡಲಿಗೆ ಒಯ್ದು ಸುರಿಯುತ್ತಾರೆ, ಅಲ್ಲಿಯ ತಳವೂ ಮುಚ್ಚಿಹೋಗುತ್ತದೆ. ಇದು ಒಂದು ಸಲದ ಕೆಲಸವೂ ಅಲ್ಲ. ಅಗೆದ ಕಾಲುವೆಯನ್ನು ಸಮುದ್ರ ಮತ್ತೆ ತುಂಬುತ್ತದೆ. ಅದನ್ನು ಮತ್ತೆ ಮತ್ತೆ ಎತ್ತುತ್ತಲೇ ಇರಬೇಕು. ಹುಳುಗಳು ಮತ್ತೆ ಬಂದು ಮನೆ ಕಟ್ಟುವಷ್ಟರಲ್ಲಿ ಯಂತ್ರವೂ ಮತ್ತೆ ಬಂದಿರುತ್ತದೆ.

ಕೆಲಸ ಬಿಟ್ಟದ್ದು ಏಕೆಂದು ಆ ಹುಡುಗಿ ಕೇಳಿದಳು. ಒಂದು ದಿನ ಬೇರೊಂದು ಯೋಜನೆಯ ಕರಡು ವರದಿ ನನ್ನ ಕೈಗೆ ಬಂತು, ಜೀವಿಗಳ ಪಟ್ಟಿಯನ್ನು ಅದರಲ್ಲಿ ತುಂಬಿಸಿ ಕೊಡಬೇಕೆಂದು. ಪಟ್ಟಿಯ ಜಾಗ ಖಾಲಿ ಇತ್ತು, ನಿಜ. ಆದರೆ ಅದರ ಮುಂದಿನ ಅಧ್ಯಾಯ ಆಗಲೇ ಬೆರಳಚ್ಚಾಗಿತ್ತು. ತಳದ ಜೀವಿಗಳ ಮೇಲಿನ ಪರಿಣಾಮ ತಾತ್ಕಾಲಿಕ ಮತ್ತು ಸ್ಥಳೀಯ ಎಂದು ಅಲ್ಲಿ ಬರೆದಿತ್ತು. ಆ ಯೋಜನೆಯ ಮೂರು ಪೆಟ್ಟಿಗೆ ಬಾಟಲಿಗಳು ನನ್ನ ಮೇಜಿನ ಕೆಳಗೆ ಇನ್ನೂ ಹಗ್ಗ ಬಿಚ್ಚದೆ ಕೂತಿದ್ದವು. ನಾನು ಹೋಗಿ ಪ್ರಯೋಗಾಲಯದ ಮುಖ್ಯಸ್ಥರನ್ನು ಕೇಳಿದೆ. "ನಮ್ಮದು ಎಣಿಸುವ ಕೆಲಸವಮ್ಮ, ತೀರ್ಪು ಹೇಳುವ ಕೆಲಸವಲ್ಲ" ಎಂದರು. ಕೆಟ್ಟವರಲ್ಲ ಅವರು. ಸಂಬಳ ತಡ ಮಾಡಿದವರಲ್ಲ, ಗದರಿದವರಲ್ಲ. ಆದರೂ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎಣಿಸುವ ಮೊದಲೇ ತೀರ್ಪು ಬರೆದಾಗಿದ್ದರೆ ನಾನು ಎಣಿಸುತ್ತಿರುವುದು ಏನನ್ನು? ನಾಲ್ಕು ತಿಂಗಳ ನಂತರ ಮಂಡ್ಯದ ಕಾಲೇಜಿಗೆ ಪಾಠ ಹೇಳಲು ಸೇರಿದೆ. ಇವತ್ತಿಗೂ ದಿನಾ ಮೈಸೂರಿನಿಂದ ರೈಲಿನಲ್ಲಿ ಹೋಗಿ ಬರುತ್ತೇನೆ.

ನಮ್ಮ ದೇಶದಲ್ಲಿ ಇಂಥ ವರದಿಯನ್ನು ಬರೆಸುವವರು, ಅದಕ್ಕೆ ಹಣ ಕೊಡುವವರು ಯೋಜನೆ ಕೈಗೊಳ್ಳುವವರೇ. 2006ರ ಸೆಪ್ಟೆಂಬರ್‌ನ ಕೇಂದ್ರ ಅಧಿಸೂಚನೆಯ ಪ್ರಕಾರ ವರ್ಷಕ್ಕೆ 50 ಲಕ್ಷ ಟನ್ ಅಥವಾ ಅದಕ್ಕಿಂತ ಹೆಚ್ಚು ಸರಕು ಸಾಗಿಸುವ ಬಂದರಿಗೆ ಕೇಂದ್ರದ ತಜ್ಞರ ಸಮಿತಿಯ ಪರಿಶೀಲನೆ ಬೇಕು, ಕರಡು ವರದಿಯ ಮೇಲೆ ಊರಿನ ಹತ್ತಿರವೇ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು, ಸಭೆಗೆ ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು, ಸಾರಾಂಶ ಸ್ಥಳೀಯ ಭಾಷೆಯಲ್ಲಿ ಸಿಗಬೇಕು. ಮೇಜಿನ ಮೇಲಿನ ಆ ಕನ್ನಡದ ಕಾಗದಗಳು ಹುಟ್ಟಿದ್ದು ಆ ನಿಯಮದಿಂದ. ಒಳ್ಳೆಯ ನಿಯಮಗಳೇ. ಆದರೆ ತ್ವರಿತ ಅಧ್ಯಯನ ಎಂಬ ಒಂದು ಪದ್ಧತಿಯೂ ಹಳೆಯ ಕಾಲದಿಂದ ಬಂದಿದೆ: ಮಳೆಗಾಲವನ್ನು ಬಿಟ್ಟು ಯಾವುದಾದರೂ ಒಂದು ಋತುವಿನ ಮಾಹಿತಿ ಸಾಕು. ಗಾಳಿಯ ದೂಳನ್ನು ಅಳೆಯುವವರಿಗೆ ಮಳೆಗಾಲ ಬಿಡುವುದು ಅರ್ಥವಾಗುವ ಮಾತು, ಮಳೆ ದೂಳನ್ನು ತೊಳೆದುಬಿಡುತ್ತದೆ. ಅದೇ ಪದ್ಧತಿಯಲ್ಲಿ ಅರಬ್ಬೀ ಸಮುದ್ರವನ್ನು ಅಳೆಯುವುದನ್ನು ಮಾತ್ರ ನಾನು ಒಪ್ಪಲಾರೆ.

ಏಕೆಂದರೆ ನಮ್ಮ ಕಡಲಿನ ಬಿತ್ತನೆಯ ಕಾಲ ಮಳೆಗಾಲವೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿನ ಗಾಳಿ ಬೀಸುವಾಗ ದಡದ ಮೇಲ್ಪದರದ ನೀರು ದೂರ ಸರಿಯುತ್ತದೆ. ಆ ಜಾಗ ತುಂಬಲು ಆಳದ ತಣ್ಣನೆಯ ನೀರು ಮೇಲೆ ಬರುತ್ತದೆ. ಆಳದ ನೀರಿನಲ್ಲಿ ನೈಟ್ರೇಟ್, ಫಾಸ್ಫೇಟ್ ತುಂಬಿರುತ್ತವೆ. ನಮ್ಮ ಗದ್ದೆಗೆ ನಾವು ಚೀಲದಿಂದ ಸುರಿಯುವುದೂ ಅದನ್ನೇ. ಅದು ಬೆಳಕಿಗೆ ಬಂದ ಕೂಡಲೇ ಕಣ್ಣಿಗೆ ಕಾಣದ ಸಸ್ಯಗಳು, ಡಯಾಟಮ್‌ಗಳು, ಕೋಟ್ಯಂತರವಾಗಿ ಮೊಳೆಯುತ್ತವೆ. ಅವನ್ನು ತಿನ್ನಲು ಬೂತಾಯಿ ಬರುತ್ತದೆ, ಬಂಗುಡೆ ಬರುತ್ತದೆ. ಮೇಲಿನಿಂದ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಘಟ್ಟದ ಮಣ್ಣನ್ನೂ ಸಿಹಿನೀರನ್ನೂ ತಂದು ಸುರಿಯುತ್ತವೆ. ಅಳಿವೆಯ ಉಪ್ಪು ಇಳಿಯುತ್ತದೆ. ಅದೇ ಸಮಯ ನೋಡಿ ಅಲ್ಲಿಯ ರೈತರು ಅಳಿವೆಯ ಅಂಚಿನ ತಗ್ಗು ಪ್ರದೇಶವಾದ ಗಜನಿ ಭೂಮಿಯಲ್ಲಿ ಕಗ್ಗ ಭತ್ತ ಬೆಳೆಯುತ್ತಾರೆ, ಉಪ್ಪು ನೀರನ್ನು ತಡೆದುಕೊಳ್ಳುವ ಭತ್ತ. ಯಂತ್ರದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧವಿದೆ, ನಾಡದೋಣಿಗಳು ಮಾತ್ರ ಇಳಿಯುತ್ತವೆ. ಮೀನು ಮರಿ ಮಾಡುವ ಕಾಲವೆಂದು ಸರ್ಕಾರವೇ ಬಲೆಯನ್ನು ಕಟ್ಟಿಹಾಕುವ ತಿಂಗಳುಗಳು ಅವು. ಸರ್ಕಾರಕ್ಕೆ ಪರಿಣಾಮ ಹೇಳುವ ವರದಿಯಲ್ಲಿ ಅದೇ ತಿಂಗಳುಗಳು ಕಾಣೆಯಾಗಿದ್ದರೆ ನಾನು ಹೇಗೆ ನಂಬಲಿ?

ಇನ್ನೊಂದು ವಿಷಯ ಇನ್ನೂ ಗಂಭೀರವಾದದ್ದು. ಮೇಲೆ ಬರುವ ಆಳದ ನೀರಿನಲ್ಲಿ ಆಮ್ಲಜನಕ ಕಡಿಮೆ. ಬೆಳೆದು ಸತ್ತ ಸೂಕ್ಷ್ಮ ಸಸ್ಯಗಳು ತಳಕ್ಕೆ ಬಿದ್ದು ಕೊಳೆಯುವಾಗ ಇದ್ದಬದ್ದ ಆಮ್ಲಜನಕವನ್ನೂ ಹೀರುತ್ತವೆ. ಹಾಗಾಗಿ ಗೋವಾ, ಕಾರವಾರದ ಕಡೆಯ ಕಡಲಿನ ತಳದಲ್ಲಿ ಮಳೆಗಾಲದ ಕೊನೆಯಿಂದ ಅಕ್ಟೋಬರ್‌ವರೆಗೆ ಆಮ್ಲಜನಕ ತೀರಾ ಕೆಳಗಿಳಿಯುತ್ತದೆ. ಇದು ಪ್ರಕೃತಿಯ ಲೆಕ್ಕ, ಯಾರ ತಪ್ಪೂ ಅಲ್ಲ. ಆದರೆ ತಳದ ಜೀವಿಗಳು ಹಾಗೆ ಏದುಸಿರು ಬಿಡುತ್ತಿರುವಾಗ ಮೇಲಿನಿಂದ ಕೊಳೆತ ಕೆಸರನ್ನು ಕಲಕಿದರೆ ಏನಾಗುತ್ತದೆ? ಫೆಬ್ರವರಿಯ ನೀರಿನಲ್ಲಿ ಆಮ್ಲಜನಕ ಚೆನ್ನಾಗಿಯೇ ಇರುತ್ತದೆ. ವರದಿಯಲ್ಲಿ ಬರೆದದ್ದು ಸುಳ್ಳಲ್ಲ. ನಮ್ಮ ಗದ್ದೆಯಲ್ಲಿ ಬೆಳೆ ಇಲ್ಲ ಎಂದು ಮೇ ತಿಂಗಳಲ್ಲಿ ಬರೆದವರೂ ಸುಳ್ಳು ಬರೆಯಲಿಲ್ಲ.

ಸಾರಾಂಶದ ಇನ್ನೊಂದು ಪುಟದಲ್ಲಿ ಒಂದು ಸಾಲು ಓದಿ ನನಗೆ ಸಿಟ್ಟು ಬಂತು. ಮಳೆಗಾಲದಲ್ಲಿ ಸಮುದ್ರ ಹೇಗೂ ಕದಡಿರುತ್ತದೆ, ಆದ್ದರಿಂದ ಹೂಳೆತ್ತುವಾಗ ಏಳುವ ಕೆಸರು ಗಣನೀಯವಲ್ಲ ಎಂದಿತ್ತು. ಅಳೆಯುವಾಗ ಬೇಡವಾದ ಮಳೆಗಾಲವನ್ನು ಸಾಕ್ಷಿ ಹೇಳಿಸಲು ಮಾತ್ರ ಕರೆದಿದ್ದರು.

ಆ ಹುಡುಗಿ ಅಷ್ಟರಲ್ಲಿ ಪೆನ್ನು ತೆಗೆದು ಅಂಚಿನಲ್ಲಿ ಲೆಕ್ಕ ಹಾಕತೊಡಗಿದ್ದಳು. ಮಾದರಿ ತೆಗೆದದ್ದು ಹತ್ತು ಕಡೆ, ಪ್ರತಿ ಕಡೆ ಮೂರು ಸಲ. ಗ್ರ್ಯಾಬ್ ಒಂದು ಸಲಕ್ಕೆ ಕಚ್ಚುವುದು ಚದರ ಮೀಟರಿನ ಹತ್ತನೆಯ ಒಂದು ಭಾಗ, ಹೆಚ್ಚುಕಡಿಮೆ ಒಂದು ಮೊರದಗಲ. ಒಟ್ಟು 3 ಚದರ ಮೀಟರ್. ಅಧ್ಯಯನದ ಪ್ರದೇಶ ಸುತ್ತ ಹತ್ತು ಕಿಲೋಮೀಟರ್. ಅದರಲ್ಲಿ ಅರ್ಧ ವೃತ್ತ ಕಡಲಿನಲ್ಲಿದೆ ಎಂದರೆ 157 ಚದರ ಕಿಲೋಮೀಟರ್. "ಹದಿನೈದು ಮುಕ್ಕಾಲು ಕೋಟಿ ಚದರ ಮೀಟರಿಗೆ ಮೂವತ್ತು ಮೊರ ಕೆಸರು, ಮೇಡಂ" ಎಂದಳು. ಅವಳ ಮುಖ ಕೆಂಪಾಗಿತ್ತು.

ನಾನು ಅವಳನ್ನು ತಡೆದೆ. ಕಡಿಮೆ ತೆಗೆದದ್ದು ತಪ್ಪಲ್ಲ. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಚುಕಿದರೆ ಸಾಕು, ಪಾತ್ರೆಯನ್ನೆಲ್ಲ ಹಿಚುಕಬೇಕಾಗಿಲ್ಲ. ಆದರೆ ಕುದಿಯುವ ಪಾತ್ರೆಯ ಅಗುಳು ನೋಡಬೇಕು. ಒಲೆ ಹಚ್ಚುವ ಮೊದಲೇ ಅಕ್ಕಿ ಹಿಚುಕಿ ನೋಡಿ ಗಟ್ಟಿಯಾಗಿದೆ ಎಂದರೆ ಅದು ಯಾವ ಪರೀಕ್ಷೆಯೂ ಅಲ್ಲ. ಅದೇ ಮೂವತ್ತು ಮೊರವನ್ನು ಮಳೆಗೆ ಮೊದಲು, ಮಳೆ ನಡುವೆ ಕಡಲು ತುಸು ಬಿಡುವು ಕೊಟ್ಟಾಗ, ಮಳೆ ಮುಗಿದ ಮೇಲೆ ತೆಗೆದಿದ್ದರೆ ನಾನು ಆ ವರದಿಗೆ ಕೈಮುಗಿಯುತ್ತಿದ್ದೆ. ಜೊತೆಗೆ ಯೋಜನೆಯ ನೆರಳು ಬೀಳದ ದೂರದ ಜಾಗವೊಂದರಲ್ಲಿಯೂ ತೆಗೆದಿಡಬೇಕು. ಇಲ್ಲದಿದ್ದರೆ ಮುಂದೆ ಮೀನು ಕಡಿಮೆಯಾದಾಗ ಅದು ಬಂದರಿನಿಂದಲೋ ಬೇರೆ ಕಾರಣದಿಂದಲೋ ಎಂದು ಹೇಳಲು ಹೋಲಿಕೆಯೇ ಇರುವುದಿಲ್ಲ. ಆಗ ಎಲ್ಲರೂ ಮಳೆಯನ್ನೋ ಮೀನುಗಾರರನ್ನೋ ದೂರುತ್ತಾರೆ.

ಮರಳಿನ ಕಥೆಯೂ ಹೀಗೆಯೇ. ದಡದ ಮರಳು ನಿಂತಿದ್ದಂತೆ ಕಂಡರೂ ಅಲೆಗಳು ಅದನ್ನು ದಡದುದ್ದಕ್ಕೂ ನಡೆಸುತ್ತಿರುತ್ತವೆ. ಬಂದರಿಗೆ ಅಲೆ ತಡೆಯುವ ಕಲ್ಲಿನ ಗೋಡೆ ಹಾಕಿದರೆ ಒಂದು ಕಡೆ ಮರಳು ರಾಶಿ ಬೀಳುತ್ತದೆ, ಇನ್ನೊಂದು ಕಡೆ ದಡ ಹಸಿದು ಕೊರೆದುಹೋಗುತ್ತದೆ. ಶಾಲಾ ಪ್ರವಾಸದಲ್ಲಿ ಮದ್ರಾಸಿನ ಮರೀನಾ ಬೀಚ್ ನೋಡಿದವರು ನಮ್ಮಲ್ಲಿ ಬಹಳ ಮಂದಿ ಇದ್ದೇವೆ. ಅಷ್ಟು ಅಗಲದ ಮರಳು ಅಲ್ಲಿ ನಿಂತದ್ದು 1870ರ ದಶಕದಲ್ಲಿ ಆರಂಭವಾದ ಬಂದರಿನ ಗೋಡೆ ದಕ್ಷಿಣದಿಂದ ಬರುವ ಮರಳನ್ನು ತಡೆದ ಮೇಲೆ. ಬಂದರಿನ ಉತ್ತರಕ್ಕೆ ರಾಯಪುರಂ ಕಡೆ ಅದೇ ಕಾರಣಕ್ಕೆ ಕಡಲು ದಡವನ್ನು ತಿಂದಿತು. ನಮ್ಮ ಪಶ್ಚಿಮದ ದಡದಲ್ಲಿ ಮರಳಿನ ನಡೆ ಋತುವಿನೊಂದಿಗೆ ದಿಕ್ಕು ಬದಲಿಸುತ್ತದೆ. ಮುಂಗಾರಿನ ಅಲೆಗಳು ಮರಳನ್ನು ಒಳಗೆಳೆದುಕೊಳ್ಳುತ್ತವೆ, ಆಮೇಲೆ ನಿಧಾನವಾಗಿ ಹಿಂದಿರುಗಿಸುತ್ತವೆ. ಫೆಬ್ರವರಿಯಲ್ಲಿ ದಡ ತುಂಬಿಕೊಂಡು ನೆಮ್ಮದಿಯಾಗಿರುತ್ತದೆ. ಆಗ ಟೇಪು ಹಿಡಿದು ಅಳೆದವರಿಗೆ ಜುಲೈನಲ್ಲಿ ಅಲೆ ಯಾರ ಮನೆಯ ಹಿತ್ತಲಿಗೆ ಬರುತ್ತದೆ ಎಂದು ಗೊತ್ತಾಗುವುದಾದರೂ ಹೇಗೆ? ಆ ಹುಡುಗಿಯ ಅಜ್ಜಿಗೆ ಗೊತ್ತಿದೆ. ಮೀನು ಒಣಗಿಸುವ ಜಾಗವನ್ನು ಅವರು ಎಷ್ಟು ಸಲ ಹಿಂದಕ್ಕೆ ತಂದಿದ್ದಾರೆಂದು ಬೆರಳು ಮಡಚಿ ಹೇಳುತ್ತಾರಂತೆ. ವರದಿಗೆ ಬಂದವರು ಅಜ್ಜಿಯನ್ನು ಕೇಳಲಿಲ್ಲ.

ಕಡಲಾಮೆಗಳ ಬಗ್ಗೆ ಮೂರೇ ಸಾಲಿತ್ತು. ನಮ್ಮ ಕರಾವಳಿಯಲ್ಲಿ, ಹೊನ್ನಾವರದ ಕಾಸರಕೋಡು ಟೊಂಕದಂಥ ಮರಳಿನಲ್ಲಿ, ಆಲಿವ್ ರಿಡ್ಲಿ ಆಮೆಗಳು ರಾತ್ರಿ ಹತ್ತಿ ಬಂದು ನೂರರಷ್ಟು ಮೊಟ್ಟೆ ಇಟ್ಟು ಹೋಗುತ್ತವೆ. ಮರಿ ಹೊರಬರಲು 45ರಿಂದ 60 ದಿನ ಬೇಕು. ಮರಿಗಳು ಹೆಚ್ಚು ಬೆಳಕಿರುವ ಕಡೆ ಹೊರಡುತ್ತವೆ. ಕತ್ತಲ ದಡದಲ್ಲಿ ಅದು ಕಡಲಿನ ಕಡೆ, ಬಂದರಿನ ದೀಪಗಳಿದ್ದರೆ ಬಂದರಿನ ಕಡೆ. ಹಗಲಿನಲ್ಲಿ ನಡೆದು ಗೂಡು ಕಾಣಲಿಲ್ಲ ಎಂದು ಬರೆಯುವುದು ಬಹಳ ಸುಲಭ. ಕಂಬ ನೆಡುವ ಸದ್ದಿಗೆ ದಡದ ಹತ್ತಿರವೇ ಸುಳಿದಾಡುವ ಗೂನುಬೆನ್ನಿನ ಡಾಲ್ಫಿನ್‌ಗಳು ಏನು ಮಾಡುತ್ತವೆ ಎಂಬುದಕ್ಕೆ ಒಂದು ಸಾಲೂ ಇರಲಿಲ್ಲ. ಹಡಗುಗಳು ಸಮತೋಲಕ್ಕೆಂದು ತುಂಬಿಕೊಂಡು ಬಂದು ಇಲ್ಲಿ ಚೆಲ್ಲುವ ನೀರಿನ ಬಗ್ಗೆ ಅರ್ಧ ಸಾಲು. ಆ ನೀರಿನಲ್ಲಿ ದೂರದ ದೇಶದ ಜೀವಿಗಳ ಮರಿಗಳು ಬರುತ್ತವೆ. ಕೆರೆಗೆ ಅಂತರಗಂಗೆ ಬಂದು ಏನು ಮಾಡಿತು ಎಂದು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಮೆರಿಕ ಖಂಡದ ಮೈಟೆಲ್ಲಾ ಎಂಬ ಚಿಪ್ಪುಜೀವಿ ಈಗ ಕೇರಳದ ಹಿನ್ನೀರುಗಳಲ್ಲಿ ಊರ ಚಿಪ್ಪುಗಳ ಜಾಗ ಹಿಡಿದು ಕೂತಿದೆ.

ನನ್ನ ಅಣ್ಣ ಇದನ್ನೆಲ್ಲ ಕೇಳಿ, "ಹಾಗಾದರೆ ಬಂದರೇ ಬೇಡವೇನಮ್ಮ? ನಮ್ಮ ಗದ್ದೆಗೆ ಹಾಕುವ ಪೊಟ್ಯಾಷ್ ಎಲ್ಲಿಂದ ಬರುತ್ತದೆ?" ಎಂದ. ನ್ಯಾಯವಾದ ಪ್ರಶ್ನೆ. ಪೊಟ್ಯಾಷನ್ನು ದೇಶ ಹೊರಗಿನಿಂದಲೇ ತರಿಸುತ್ತದೆ, ಅದು ಹಡಗಿನಲ್ಲೇ ಬರಬೇಕು. ಕನ್ನಂಬಾಡಿ ಕಟ್ಟಿದ ನೀರಿನಲ್ಲಿ ಓದಿದವಳು ನಾನು. ಕಟ್ಟುವುದೆಲ್ಲ ತಪ್ಪು ಎಂದು ಹೇಳುವ ಹಕ್ಕು ನನಗಿಲ್ಲ. ಆದರೆ ಎಲ್ಲಿ ಕಟ್ಟಬಾರದು ಎಂದು ತಿಳಿಯುವುದಕ್ಕೇ ಈ ಅಧ್ಯಯನ ಇರುವುದು. ಅಘನಾಶಿನಿಯ ಅಳಿವೆಯನ್ನೇ ನೋಡಿ. ಅಲ್ಲಿಯ ತದಡಿಯಲ್ಲಿ ಬಂದರು ಬೇಕೆಂಬ ಪ್ರಸ್ತಾಪಗಳು ಎಷ್ಟೋ ಸಲ ಎದ್ದವು. ಅದೇ ಅಳಿವೆ 2024ರಲ್ಲಿ ರಾಮ್‌ಸಾರ್ ತಾಣವಾಯಿತು, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ, 4801 ಹೆಕ್ಟೇರ್. ನಮ್ಮ ಶ್ರೀರಂಗಪಟ್ಟಣದ ರಂಗನತಿಟ್ಟು 2022ರಲ್ಲಿ ಪಡೆದ ಗೌರವವೇ ಅದು, ರಾಜ್ಯದಲ್ಲಿ ಮೊದಲನೆಯದು. ಆ ರಂಗನತಿಟ್ಟಿಗೂ ಆಗಸ್ಟಿನಲ್ಲಿ, ಕೆಆರ್‌ಎಸ್‌ನಿಂದ ಹೊಳೆ ತುಂಬಾ ನೀರು ಬಿಟ್ಟು ತಿಟ್ಟುಗಳು ಮುಳುಗಿದ ದಿನ, ಹಕ್ಕಿ ಎಣಿಸಲು ಹೋದರೆ ಏನು ಸಿಗುತ್ತದೆ? ದೋಣಿಯನ್ನೇ ಬಿಡುವುದಿಲ್ಲ.

ಆ ರಾತ್ರಿ ನಾವಿಬ್ಬರೂ ಕುಳಿತು ಅವಳ ಚಿಕ್ಕಪ್ಪ ಸಭೆಯಲ್ಲಿ ಕೇಳಬಹುದಾದ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದೆವು. ಯಾವ ತಿಂಗಳು, ಎಷ್ಟು ದಿನ, ದಡದಿಂದ ಎಷ್ಟು ದೂರ. ಎತ್ತಿದ ಕೆಸರನ್ನು ಸುರಿಯುವ ಜಾಗ ಯಾವುದು, ಅಲ್ಲಿ ಈಗ ಯಾರು ಬಲೆ ಹಾಕುತ್ತಾರೆ. ಪ್ರತಿ ವರ್ಷ ಎಷ್ಟು ಎತ್ತುತ್ತೀರಿ. ಸೆಪ್ಟೆಂಬರಿನಲ್ಲಿ ತಳದ ಆಮ್ಲಜನಕ ಎಷ್ಟಿತ್ತು. ಮೀನಿನ ಲೆಕ್ಕವನ್ನು ದಕ್ಕೆಯಲ್ಲಿ ಮಾತ್ರ ಕೇಳಿದಿರೋ, ಅಳಿವೆಯಲ್ಲಿ ಬಳಚು ಎಂಬ ಚಿಪ್ಪುಜೀವಿ ಆಯುವ ಹೆಂಗಸರನ್ನೂ ಕೇಳಿದಿರೋ. ಸಭೆಯ ನಡಾವಳಿಯಲ್ಲಿ ಪ್ರಶ್ನೆಯೂ ಉತ್ತರವೂ ದಾಖಲಾಗಬೇಕು, ಆದ್ದರಿಂದ ಬರಹದಲ್ಲೇ ಕೊಡಿ ಎಂದು ಕೆಳಗೆ ಗೆರೆ ಎಳೆದು ಬರೆದೆ. ಕೂಗಾಡಿದರೆ ವಿರೋಧವಿತ್ತು ಎಂಬ ಒಂದು ಪದವಾಗಿ ಉಳಿಯುತ್ತದೆ. ತಿಂಗಳು ಯಾವುದು ಎಂದು ಕೇಳಿದರೆ ತಜ್ಞರ ಸಮಿತಿಯ ಮುಂದೆ ಅದಕ್ಕೆ ಯಾರಾದರೂ ಉತ್ತರ ಹೇಳಲೇಬೇಕಾಗುತ್ತದೆ.

ದಸರಾ ರಜೆಗೆ ಮೈಸೂರು ತುಂಬಿದಾಗ ಅವಳು ಊರಿಗೆ ಹೋದಳು. ಹಿಂದಿರುಗುವಾಗ ಅಜ್ಜಿ ಕೊಟ್ಟ ಒಣ ಸೀಗಡಿಯ ಜೊತೆ ಹಾರ್ಲಿಕ್ಸ್ ಬಾಟಲಿಯೊಂದರಲ್ಲಿ ಅಳಿವೆಯ ಕೆಸರು ತಂದಿದ್ದಳು. ಮುಚ್ಚಳಕ್ಕೆ ಪ್ಲಾಸ್ಟಿಕ್ ಸುತ್ತಿ ದಾರ ಬಿಗಿದಿದ್ದಳು. ಒಂದು ಬಾಟಲಿ ಕೆಸರು ಯಾವುದಕ್ಕೂ ಪುರಾವೆಯಲ್ಲ ಎಂದು ನನಗೂ ಗೊತ್ತು, ಅವಳಿಗೂ ಗೊತ್ತು. ಆದರೂ ಶನಿವಾರ ಅವಳನ್ನು ರೈಲಿನಲ್ಲಿ ಮಂಡ್ಯಕ್ಕೆ ಕರೆದುಕೊಂಡು ಹೋದೆ. ನಾಗನಹಳ್ಳಿ ದಾಟಿದ ಮೇಲೆ ಹೊರಗೆಲ್ಲ ಹೊಡೆ ಬಂದ ಭತ್ತ. ಕಾಲೇಜಿನ ಪ್ರಯೋಗಾಲಯದಲ್ಲಿ ಜರಡಿಯನ್ನು ನಲ್ಲಿಯ ಕೆಳಗೆ ಹಿಡಿದು, ನೀರನ್ನು ಸಣ್ಣಗೆ ಬಿಟ್ಟು, ಬೆರಳು ತಾಗಿಸದೆ ಸೋಸಿದೆವು. ಬೂದು ಕೆಸರು ಇಳಿದುಹೋಯಿತು. ಜರಡಿಯ ಮೇಲೆ ಎಲೆಯ ಚೂರು, ಎರಡು ಹುಳು, ಮತ್ತೆ ಅಕ್ಕಿಕಾಳಿನಷ್ಟೇ ಗಾತ್ರದ, ಅಕ್ಕಿಯಷ್ಟೇ ಬೆಳ್ಳಗಿನ ಚಿಪ್ಪುಗಳು ಉಳಿದವು. ಅವು ಬಳಚಿನ ಮರಿಗಳು. ಫೆಬ್ರವರಿಯ ಹೊತ್ತಿಗೆ ಇವು ಇಷ್ಟು ಸಣ್ಣದಾಗಿರುವುದಿಲ್ಲ. ಅವಳು ಚಿಮಟ ಹಿಡಿದು ಎಣಿಸಿದಳು, ಮತ್ತೊಮ್ಮೆ ಎಣಿಸಿದಳು. 23.

"ಚೀಟಿಯಲ್ಲಿ ಏನು ಬರೆಯಲಿ, ಮೇಡಂ?" ಎಂದಳು. ಸ್ಥಳ, ದಿನಾಂಕ, ನೀರಿನ ಆಳ ಬರೆಯಮ್ಮ ಎಂದೆ. ಆಳ ಅಳೆದಿರಲಿಲ್ಲ. ಸ್ವಲ್ಪ ಯೋಚಿಸಿ, ಪೆನ್ಸಿಲಿನಲ್ಲಿ ಬರೆದಳು: ಅಕ್ಟೋಬರ್. ಅಜ್ಜಿಯ ಮೊಣಕಾಲಿನವರೆಗೆ.